ಕತ್ತಲೆಕಾನಿನ ರಾಮಪತ್ರೆ ಜೌಗು

ಭಾನುವಾರ ಶಿರಸಿಯಿಂದ ಸಿದ್ದಾಪುರ ದಾಟಿ ಕತ್ತಲೆಕಾನು ಎಂಬ ಕಾಡಿಗೆ ಹೋಗಿದ್ದೆವು. ಅರಣ್ಯ ಇಲಾಖೆಯ ಅನುಮತಿ ಇತ್ತು, ದಾರಿ ಗೊತ್ತಿದ್ದ ಗಾರ್ಡ್ ಅಣ್ಣನೂ ಜೊತೆಗಿದ್ದರು. ನಡಿಗೆ ತೀರಾ ಕಷ್ಟದ್ದೇನಲ್ಲ, ಆದರೆ ಜಾರುವ ಕಲ್ಲು, ಒದ್ದೆ ತರಗೆಲೆ, ಜೊತೆಗೆ ರಕ್ತ ಹೀರುವ ಉಂಬಳ (ಜಿಗಣೆ). ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡೇ ಹೊರಡಬೇಕು.

ಹಳ್ಳದ ಜೌಗು ಸಿಕ್ಕ ಮೇಲೆ ಯಾರಿಗೂ ಮುಂದೆ ಹೋಗುವ ಅವಸರ ಉಳಿಯಲಿಲ್ಲ. ರಾಮಪತ್ರೆ, ಅಂದರೆ ಕಾಡು ಜಾಯಿಕಾಯಿ ಜಾತಿಯ ಮರಗಳು ನೀರಲ್ಲೇ ನಿಂತಿವೆ, ಅವುಗಳ ಬೇರು ಕೆಸರಿನಿಂದ ಮೇಲೆದ್ದು ಮಡಚಿದ ಮೊಣಕಾಲಿನ ಹಾಗೆ ಬಾಗಿ ಮತ್ತೆ ಕೆಸರಿಗೇ ಇಳಿಯುತ್ತದೆ. ನೀರು ನಿಂತ ಮಣ್ಣಲ್ಲಿ ಗಾಳಿ ಸಾಲುವುದಿಲ್ಲ, ಅದಕ್ಕೇ ಉಸಿರಾಡಲು ಬೇರು ಹೊರಗೆ ಬರುತ್ತದೆ. ಒಂದನ್ನು ಮುಟ್ಟಿ ನೋಡಿದೆ. ತಣ್ಣಗಿತ್ತು, ಮೈತುಂಬಾ ಸಣ್ಣ ಸಣ್ಣ ಗಂಟು.

ಇಲ್ಲಿನ ಒಂದು ಮರಕ್ಕೆ ವಿಜ್ಞಾನಿಗಳು ಹೆಸರಿಟ್ಟಿದ್ದೇ 2000ದಲ್ಲಿ, ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ, ಈ ಕಾಡಿನದೇ ಹೆಸರು. ಇಷ್ಟು ಹತ್ತಿರದಲ್ಲಿದ್ದ ಮರ ಅಷ್ಟು ತಡವಾಗಿ ಗೊತ್ತಾಗಿದೆ ಅಂದರೆ ಆಶ್ಚರ್ಯ ಅಲ್ವಾ? ಇಂಥ ಜೌಗುಗಳು ಎಷ್ಟೋ ಕಡೆ ಗದ್ದೆ, ಅಡಿಕೆ ತೋಟ ಆಗಿವೆ. ನಾವು ತೋಟದವರೇ, ಹಾಗಾಗಿ ಅಲ್ಲಿ ನಿಂತಾಗ ಈ ಯೋಚನೆ ಜಾಸ್ತಿಯೇ ಕಾಡಿತು. ಹೋಗುವವರು ದಯವಿಟ್ಟು ಆ ಬೇರಿನ ಮೇಲೆ ಕಾಲಿಡಬೇಡಿ.