ಇಷ್ಟು ಲೆಕ್ಕ ಬರುತ್ತೆ, ಬೆಟ್ಟಿಂಗ್‌ನಲ್ಲಿ ಯಾಕೆ ದುಡ್ಡು ಮಾಡಲ್ಲ?

ಐಪಿಎಲ್ ಶುರುವಾದರೆ ಸಾಕು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗಲೂ ಯಾರಾದರೂ ಇದನ್ನೇ ಕೇಳುತ್ತಾರೆ. ನನ್ನ ಕೆಲಸ ಆಪ್ಟಿಮೈಸೇಶನ್ ಮತ್ತು ಮಾಡೆಲಿಂಗ್. ಅಂದರೆ ಇರುವ ಸಾಮಾನಿನಲ್ಲಿ ಜಾಸ್ತಿ ಕೆಲಸ ತೆಗೆಯುವುದು, ಮುಂದೆ ಏನಾಗಬಹುದು ಅಂತ ಅಂದಾಜು ಹಾಕುವುದು. ಅಷ್ಟು ಹೇಳಿದ ತಕ್ಷಣ, ‘ಹಂಗಾದ್ರೆ ಇವತ್ತು ಯಾರು ಗೆಲ್ತಾರೆ ಹೇಳಣ್ಣ.’

ಮೊದಲು ಒಂದು ಪೈಪಿನ ಕಥೆ ಕೇಳಿ. ತುಮಕೂರಿನ ಅಂತರಸನಹಳ್ಳಿಯ ಒಂದು ಫ್ಯಾಬ್ರಿಕೇಶನ್ ಶೆಡ್ಡಿಗೆ ಆರ್ಡರ್ ಬಂದಿತ್ತು. 2.5 ಮೀಟರಿನ 20 ತುಂಡು, 1.75 ಮೀಟರಿನ 40 ತುಂಡು. ಪೈಪು ಬರುವುದು 6 ಮೀಟರ್ ಉದ್ದ. ಅವರ ರೂಢಿ ಏನೆಂದರೆ ಮೊದಲು ದೊಡ್ಡದನ್ನೆಲ್ಲ ಕತ್ತರಿಸಿ ಮುಗಿಸುವುದು, ಆಮೇಲೆ ಚಿಕ್ಕದು. ಹಾಗೆ ಮಾಡಿದರೆ ದೊಡ್ಡದಕ್ಕೆ 10, ಚಿಕ್ಕದಕ್ಕೆ 14, ಒಟ್ಟು 24 ಪೈಪು. ಅದರ ಬದಲು ಪ್ರತಿ ಪೈಪಿನಲ್ಲಿ ಒಂದು ದೊಡ್ಡದು, ಎರಡು ಚಿಕ್ಕದು ತೆಗೆದರೆ 20 ಸಾಕು, ಗುಜರಿಗೆ ಏನೂ ಉಳಿಯಲ್ಲ. ಅಳತೆಗಳು ಜಾಸ್ತಿಯಾದಾಗ ಇದನ್ನು ಬಾಯಿಲೆಕ್ಕದಲ್ಲಿ ಹಿಡಿಯಲಾಗಲ್ಲ. 1947ರಲ್ಲಿ ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಜಿಗ್ ಕೊಟ್ಟ ಸಿಂಪ್ಲೆಕ್ಸ್ ವಿಧಾನ, ಅಂದರೆ ಇರುವ ಮಿತಿಯೊಳಗೆ ಎಲ್ಲಕ್ಕಿಂತ ಒಳ್ಳೆಯ ಹಂಚಿಕೆಯನ್ನು ಹಂತಹಂತವಾಗಿ ಹುಡುಕುವ ಲೆಕ್ಕ, ಬೇಕಾಗುವುದು ಅಲ್ಲೇ.

ಬೀಗುತ್ತಾ ಈ 20 ಪೈಪಿನ ಲೆಕ್ಕದ ಹಾಳೆ ಕೊಟ್ಟೆ. ಫಿಟ್ಟರ್ ಒಮ್ಮೆ ನೋಡಿ, ‘ಸಾರ್, ಬ್ಲೇಡು ಏನೂ ತಿನ್ನಲ್ವಾ?’ ಅಂದರು. ಒಂದು ಕಟ್‌ಗೆ ಸುಮಾರು 3 ಮಿಲಿಮೀಟರ್ ಪುಡಿಯಾಗಿ ಹೋಗುತ್ತೆ. ಎರಡು ಕಟ್ ಆಗುವಷ್ಟರಲ್ಲಿ ಕೊನೇ ತುಂಡು 6 ಮಿಲಿಮೀಟರ್ ಮೋಟು.

ಬೆಟ್ಟಿಂಗ್‌ನಲ್ಲೂ ಇಂಥದೇ ಬ್ಲೇಡಿದೆ. ಸಮಬಲದ ಎರಡು ತಂಡಕ್ಕೂ ಬುಕ್ಕಿ 1.90 ದರ ಕೊಟ್ಟ ಅಂದುಕೊಳ್ಳಿ. 100 ರೂಪಾಯಿ ಹಾಕಿ ಗೆದ್ದರೆ ಅಸಲೂ ಸೇರಿ 190. ಸಮಬಲ ಅಂದಮೇಲೆ 200 ಬರಬೇಕಿತ್ತು ಅಲ್ವಾ? ಆ ಹತ್ತು ಅವನ ಬ್ಲೇಡು ತಿಂದದ್ದು. ಹಾಗಾಗಿ ನೂರಕ್ಕೆ 53 ಸಲವಾದರೂ ಸರಿ ಹೇಳಬೇಕು, ಇಲ್ಲದಿದ್ದರೆ ಸುಮ್ನೆ ಕಳೆದುಕೊಳ್ಳುವುದೇ. ನನ್ನ ಮಾಡೆಲ್ ನಿಜಕ್ಕೂ 55 ಸಲ ಸರಿ ಇದ್ದರೂ, ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಜಾನ್ ಕೆಲಿ 1956ರಲ್ಲಿ ಕೊಟ್ಟ, ಒಂದು ಸಲಕ್ಕೆ ಎಷ್ಟು ದುಡ್ಡು ಹಾಕಬೇಕು ಅಂತ ಹೇಳುವ ಸೂತ್ರದ ಪ್ರಕಾರ ಕೈಯಲ್ಲಿರುವ ದುಡ್ಡಿನಲ್ಲಿ ಶೇಕಡಾ 5ಕ್ಕಿಂತ ಜಾಸ್ತಿ ಹಾಕಬಾರದು. 52 ಆದರೆ ಒಂದು ರೂಪಾಯಿಯೂ ಇಲ್ಲ.

ನನ್ನದು 52ರ ಮಾಡೆಲ್ಲೋ 55ರದ್ದೋ ಅಂತ ಗೊತ್ತಾಗುವುದು ಹೇಗೆ? ಇದೇ ನಿಜವಾದ ತಲೆನೋವು. ಒಂದು ಸೀಸನ್‌ಗೆ 74 ಪಂದ್ಯ ಅಂದುಕೊಂಡರೆ, ನಾಣ್ಯ ಚಿಮ್ಮಿ ಹೇಳಿದರೂ ಫಲಿತಾಂಶ ಐವತ್ತರಿಂದ ಐದಾರು ಶೇಕಡಾ ಆಚೀಚೆ ಆಗುವುದು ಮಾಮೂಲಿ. ಹಳೇ ಸೀಸನ್‌ಗಳನ್ನು ಸೇರಿಸೋಣ ಅಂದರೆ ಹರಾಜಿನಲ್ಲಿ ತಂಡವೇ ಬದಲಾಗಿರುತ್ತೆ. (‘ಈ ಸಲ ಕಪ್ ನಮ್ದೇ’ ಅಂತ ಹೇಳ್ತಾ ಹೇಳ್ತಾ 18ನೇ ಸೀಸನ್ ಆದ 2025ರಲ್ಲಿ ಸರಿಯಾದ ನಮ್ಮ ಹುಡುಗರ ಮಾಡೆಲ್ ಬೇರೆ ಬಿಡಿ.) ಇನ್ನೊಂದು, ನಾನು ಲೆಕ್ಕ ಹಾಕಿದೆ ಅಂತ ಪೈಪು ತನ್ನ ಉದ್ದ ಬದಲಿಸಲ್ಲ. ದರ ಬದಲಾಗುತ್ತೆ, ಯಾಕಂದ್ರೆ ಆ ಕಡೆಯೂ ಲೆಕ್ಕ ಬರುವವರೇ ಕೂತಿರುತ್ತಾರೆ. ಮೇಲಾಗಿ, 2025ರ ಕಾನೂನಿನಲ್ಲಿ ದುಡ್ಡು ಕಟ್ಟುವ ಆನ್‌ಲೈನ್ ಆಟಗಳೇ ನಿಷೇಧ.

ಶೆಡ್ಡಿನಲ್ಲಾದರೆ ಬ್ಲೇಡಿಗೆ ಜಾಗ ಮಾಡಿಕೊಡಿ ಅಂತ ಕೇಳಬಹುದು. ಚಿಕ್ಕ ತುಂಡು 1.745 ಮೀಟರ್ ಆದರೆ ನಡೆಯುತ್ತಾ ಅಂತ ಗಿರಾಕಿಗೇ ಫೋನ್ ಮಾಡಿದೆವು. ‘ವೆಲ್ಡಿಂಗ್‌ನಲ್ಲಿ ಮುಚ್ಚೋಗುತ್ತೆ, ಮಾಡಿ’ ಅಂದರು. 20 ಪೈಪಿನಲ್ಲೇ ಮುಗಿಯಿತು.