ರಂ.ವಿ. ಅಂದರೆ ಪುರಂದರ ಅಲ್ಲ

ಕೋಲಾರದ ಒಂದು ಪ್ರೆಸ್‌ನಲ್ಲಿ ನನ್ನದು ಡಿಟಿಪಿ ಕೆಲಸ. ಹೋದ ವರ್ಷ ಮುಳಬಾಗಿಲಿನ ಶ್ರೀಪಾದರಾಜರ ಆರಾಧನೆಗೆ ಅಂತ ಭಜನಾ ಮಂಡಳಿಯ ಟೀಚರಮ್ಮ ಒಬ್ಬರು ದೇವರನಾಮದ ಪುಸ್ತಕ ಮಾಡಿಸಲು ಬಂದರು. 32 ಪುಟ, 1000 ಕಾಪಿ, ಸೆಂಟರ್ ಪಿನ್. ಕೊಟ್ಟಿದ್ದು ಹಳೇ ನೋಟ್‌ಬುಕ್. ಅಂಕಿತವನ್ನು, ಅಂದರೆ ಹಾಡಿನ ಕೊನೆಗೆ ಬರುವ ದಾಸರ ಗುರುತಿನ ಹೆಸರನ್ನು, ಎಲ್ಲೂ ಪೂರ್ತಿ ಬರೆದಿರಲಿಲ್ಲ. ಕೆಲವು ಕಡೆ ಪು.ವಿ., ಕೆಲವು ಕಡೆ ರಂ.ವಿ.

ನನಗೆ ದಾಸರು ಅಂದರೆ ಪುರಂದರದಾಸರು, ಬಿಟ್ಟರೆ ಕನಕದಾಸರು. ಕನಕದಾಸರದ್ದು ಕಾಗಿನೆಲೆ ಆದಿಕೇಶವ, ಅಷ್ಟು ಗೊತ್ತಿತ್ತು. ರಂ.ವಿ. ನೋಡಿ, ಪುರಂ ಬರೆಯುವಾಗ ‘ಪು’ ಬಿಟ್ಟುಹೋಗಿದೆ, ವಯಸ್ಸಾದವರು ಪಾಪ, ಅಂದುಕೊಂಡು ರಂ.ವಿ. ಅಂತಿದ್ದ ಒಂಬತ್ತು ಹಾಡಿಗೂ ಪುರಂದರವಿಠಲ ಅಂತಲೇ ಹೊಡೆದೆ. ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ.

ನಮ್ಮಲ್ಲಿ ಪ್ರೂಫ್ ರೀಡರನ್ನು ಓನರ್ ಯಾವತ್ತೋ ಬಿಡಿಸಿದ್ದಾರೆ. ಪಿಡಿಎಫ್ ವಾಟ್ಸಾಪ್‌ಗೆ ಹಾಕೋದು, ಪಾರ್ಟಿ ಓಕೆ ಅಂದರೆ ಪ್ರಿಂಟಿಗೆ ಪ್ಲೇಟ್ ಮಾಡೋದು. ಟೀಚರಮ್ಮನ ಮಗ ಎರಡೇ ನಿಮಿಷಕ್ಕೆ ಓಕೆ ಅಂದ.

ಮೊದಲ ಫಾರಂ, ಅಂದರೆ ಒಂದು ದೊಡ್ಡ ಶೀಟಿಗೆ ಬರುವಷ್ಟು ಪುಟ, ಪ್ರಿಂಟ್ ಆಗಿ ಮುಗಿದಿತ್ತು. ಅಮ್ಮ ಕವರ್ ಬಣ್ಣ ನೋಡಲು ಬಂದವರು ಒಣಗಲು ಇಟ್ಟ ಶೀಟೊಂದನ್ನು ಎತ್ತಿಕೊಂಡರು. ಓದಲಿಲ್ಲ, ಹಾಡಿದರು. ‘ಕಂಗಳಿದ್ಯಾತಕೋ.’ ತೊಡೆ ಮೇಲೆ ತಾಳ. ಕೊನೇ ಸಾಲಿಗೆ ಬಂದಾಗ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಹಿಂದಿನ ಸಾಲಿನಿಂದ ಮತ್ತೆ ಹಾಡಿದರು. ಮತ್ತೆ ಅಲ್ಲೇ ನಿಂತರು. ಮಿಷನ್ ಹುಡುಗ ಮೋಟಾರ್ ಆಫ್ ಮಾಡಿದ. ನನಗೆ ತಾಳ ಬರಲ್ಲ, ಆದರೂ ಎರಡಕ್ಷರ ಜಾಸ್ತಿಯಾಗಿ ಎಡವುತ್ತಿದೆ ಅಂತ ನನ್ನ ಕಿವಿಗೂ ಗೊತ್ತಾಯಿತು.

“ಏನಪ್ಪಾ, ರಂಗವಿಠಲ ಅಂದ್ರೆ ಶ್ರೀಪಾದರಾಜರು. ಅವರ ಊರಲ್ಲಿ, ಅವರ ಆರಾಧನೆಗೆ, ಅವರ ಹಾಡು ಕಿತ್ತು ಶಿಷ್ಯರ ಶಿಷ್ಯರಿಗೆ ಕೊಟ್ಟುಬಿಟ್ಯಲ್ಲ?”

ಶ್ರೀಪಾದರಾಜರ ಶಿಷ್ಯರು ವ್ಯಾಸರಾಯರು, ಅವರ ಶಿಷ್ಯರು ಪುರಂದರದಾಸರು. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ, ಒಂದೊಂದಕ್ಕೂ ಒಬ್ಬೊಬ್ಬ ದಾಸರು. ಎಲ್ಲಾ ಅಲ್ಲೇ ನಿಂತು ಕೇಳಿಸಿಕೊಂಡೆ. “ತ್ಯಾಗರಾಜರು ತಮ್ಮ ಹೆಸರನ್ನೇ ಹಾಕಿದ್ರು, ದೀಕ್ಷಿತರು ಗುರುಗುಹ ಅಂದ್ರು. ಅದನ್ನೂ ತಿದ್ದುತೀಯಾ?”

ಓನರ್ ‘ಓಕೆ ಅಂದಿದ್ದು ನೀವೇ ಅಲ್ವಾ’ ಅಂತ ಮೊಬೈಲ್ ಹಿಡಿದರು. ಅಮ್ಮ ಆ ಕಡೆ ತಿರುಗಲೇ ಇಲ್ಲ. ಪ್ಲೇಟು, ಪೇಪರಿನ ಅರ್ಧ ದುಡ್ಡು ನನ್ನ ಸಂಬಳದಲ್ಲಿ ಹಿಡಿದರು. ಪ್ರೂಫ್ ರೀಡರ್ ಮಾತ್ರ ಇನ್ನೂ ಬಂದಿಲ್ಲ.

ಎರಡನೇ ಸಲ ಪ್ರೂಫ್ ಪೇಪರ್ ಮೇಲೆ ತೆಗೆದು ಕೊಟ್ಟೆ. ಸ್ಟೂಲ್ ಮೇಲೆ ಕೂತು ಒಂಬತ್ತನ್ನೂ ಹಾಡಿ ಮುಗಿಸಿದರು. ಕೆಳಗೆ ಒಂದು ಸಹಿ ಹಾಕಿ ಅಮ್ಮ ಅಂದೆ.

“ಇದನ್ನ ಯಾರ ಹೆಸರಿಗೆ ಮಾಡ್ತೀಯೋ,” ಅಂತ ಪೆನ್ ಕೇಳಿದರು.