ಮೂರನೇ ಹಂತದಲ್ಲಿ ಕೈಕೊಟ್ಟ ಝೂಚುವೆ-1

2018ರ ಅಕ್ಟೋಬರ್ 27, ಚೀನಾದ ಜಿಯುಚುವಾನ್ ಉಡಾವಣಾ ಕೇಂದ್ರ. ಉಪಗ್ರಹವೊಂದನ್ನು ಕಕ್ಷೆಗೆ ಸೇರಿಸಲು ಚೀನಾದ ಖಾಸಗಿ ಕಂಪನಿಯ ಮೊದಲ ಯತ್ನ ಇದು: ಲ್ಯಾಂಡ್‌ಸ್ಪೇಸ್‌ನ ಝೂಚುವೆ-1 ರಾಕೆಟ್. ಸುಮಾರು 19 ಮೀಟರ್ ಎತ್ತರ, 27 ಟನ್ ತೂಕ, ಮೂರೂ ಹಂತ ಘನ ಇಂಧನದವು. ಮೊದಲೆರಡು ಸರಿಯಾಗಿಯೇ ಉರಿದವು. ಮೂರನೆಯದರಲ್ಲಿ ರಾಕೆಟ್ ದಿಕ್ಕಿನ ಹಿಡಿತ ಕಳೆದುಕೊಂಡಿತು, ಉಪಗ್ರಹ ಕಕ್ಷೆ ಸೇರಲಿಲ್ಲ.

ಇಂಥ ಹೊತ್ತಿನಲ್ಲಿ ಘನ ಇಂಧನದ ಕಷ್ಟ ಇದು. ಒಮ್ಮೆ ಹೊತ್ತಿಕೊಂಡರೆ ನಡುವೆ ಆರಿಸಿ, ದಿಕ್ಕು ತಿದ್ದಿ, ಮತ್ತೆ ಹೊತ್ತಿಸುವಂತಿಲ್ಲ. ಕೆಳಕಕ್ಷೆಗೆ ಸೆಕೆಂಡಿಗೆ ಹೆಚ್ಚುಕಡಿಮೆ 7.8 ಕಿ.ಮೀ. ವೇಗ ಬೇಕು, ಸ್ವಲ್ಪ ಕಡಿಮೆಯಾದರೂ ಉಪಗ್ರಹ ವಾತಾವರಣಕ್ಕೇ ಮರಳಿ ಬೀಳುತ್ತದೆ. ಎತ್ತರ ಮುಟ್ಟಿದ್ದನ್ನೇ ನೋಡಿ ಗೆದ್ದೆವು ಅಂದುಕೊಳ್ಳುತ್ತೇವೆ, ನಿಜವಾದ ಪರೀಕ್ಷೆ ಅಡ್ಡವೇಗದ್ದು, ಅಂದರೆ ನೆಲಕ್ಕೆ ಸಮಾನಾಂತರವಾಗಿ ಸಾಗುವ ವೇಗದ್ದು.

ಆದರೂ ಮೊದಲ ಹಾರಾಟದಲ್ಲಿ ಎರಡು ಹಂತ ದಾಟಿದ್ದು ನನ್ನ ಲೆಕ್ಕದಲ್ಲಿ ಸಣ್ಣದಲ್ಲ. ಒಂಬತ್ತು ತಿಂಗಳಲ್ಲಿ, 2019ರ ಜುಲೈ 25ರಂದು, ಅದೇ ಜಿಯುಚುವಾನ್‌ನಿಂದ ಚೀನಾದ ಇನ್ನೊಂದು ಖಾಸಗಿ ಕಂಪನಿಯ ರಾಕೆಟ್ ಹೈಪರ್ಬೋಲಾ-1 ಕಕ್ಷೆ ಸೇರಿತು.